ಚೆಲ್ಲಿ ಆರಿಸುವ ಕಿಡ್ನಿ

ಆರೋಗ್ಯವಾಗಿರುವ ವಯಸ್ಕರೊಬ್ಬರ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನಿನ ಲೆಕ್ಕದಲ್ಲಿ ಒಂಬತ್ತು ಕ್ಯಾನು. ಆದರೆ ಹೊರಗೆ ಹೋಗುವ ಮೂತ್ರ ಒಂದೂವರೆ ಲೀಟರಿನ ಆಸುಪಾಸು. ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯಿತು? ಮರಳಿ ರಕ್ತಕ್ಕೇ. ಕಿಡ್ನಿ ದೇಹದ ಜರಡಿ ಎಂದು ಶಾಲೆಯಲ್ಲಿ ಓದಿರುತ್ತೇವೆ. ಸುಳ್ಳೇನಲ್ಲ. ಆದರೆ ಸೋಸುವುದು ಅದರ ಕೆಲಸದಲ್ಲಿ ಸುಲಭದ ಭಾಗ. ಸೋಸಿದ್ದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಆರಿಸಿ ಒಳಗೆ ತಂದುಕೊಳ್ಳುವುದೇ ಅದರ ಅಸಲು ಕಸುಬು.

ಬೆನ್ನುಮೂಳೆಯ ಎರಡೂ ಬದಿಗೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಇವು ಕೂತಿವೆ. ಉದ್ದ ಸುಮಾರು 11 ಸೆಂಟಿಮೀಟರ್, ತೂಕ ಸುಮಾರು 150 ಗ್ರಾಂ. ಮೇಲೆ ಲಿವರ್ ಜಾಗ ಹಿಡಿದಿರುವುದರಿಂದ ಬಲಗಡೆಯದು ತುಸು ಕೆಳಗೆ. ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಪಾಲು ಈ ಪುಟ್ಟ ಜೋಡಿಗೇ ಬರುತ್ತದೆ. ಅದು ಅವುಗಳ ಹೊಟ್ಟೆಪಾಡಿಗಲ್ಲ, ಕೆಲಸಕ್ಕೆ.

ಒಂದೊಂದು ಕಿಡ್ನಿಯಲ್ಲೂ ಸರಾಸರಿ ಹತ್ತು ಲಕ್ಷ ನೆಫ್ರಾನ್‌ಗಳು. ಪ್ರತಿ ನೆಫ್ರಾನಿನ ತಲೆಯಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳ ಗಂಟು, ಅದನ್ನು ಸುತ್ತುವರಿದ ಒಂದು ಬಟ್ಟಲು, ಬಟ್ಟಲಿನಿಂದ ಹೊರಟ ಒಂದು ಅಂಕುಡೊಂಕು ಕೊಳವೆ. ರಕ್ತನಾಳದ ಗಂಟಿಗೂ ಕೊಳವೆಗೂ ಇರುವ ಈ ಸಂಬಂಧವನ್ನು 1842ರಲ್ಲಿ ಲಂಡನ್ನಿನ ವಿಲಿಯಂ ಬೋಮನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ. ಬಟ್ಟಲಿಗೆ ಅವನದೇ ಹೆಸರು. ಗಂಟಿನಲ್ಲಿ ರಕ್ತದ ಒತ್ತಡ ಜೋರು. ರಕ್ತಕಣಗಳು ಮತ್ತು ದೊಡ್ಡ ಪ್ರೋಟೀನುಗಳು ಒಳಗೇ ಉಳಿಯುತ್ತವೆ. ನೀರು, ಉಪ್ಪು, ಸಕ್ಕರೆ, ಅಮೈನೋ ಆಮ್ಲ, ಯೂರಿಯಾ ಎಲ್ಲವೂ ಬಟ್ಟಲಿಗೆ ಇಳಿಯುತ್ತವೆ. ಇಲ್ಲಿ ಒಳ್ಳೆಯದು ಕೆಟ್ಟದ್ದೆಂಬ ವಿಚಾರಣೆ ಇಲ್ಲ. ಗಾತ್ರ ಚಿಕ್ಕದಿದ್ದರೆ ಆಯಿತು.

ಇದು ಹೀಗೇ ನಡೆಯುತ್ತದೆಂದು ಒಪ್ಪಿಕೊಳ್ಳಲು ವಿಜ್ಞಾನಿಗಳಿಗೆ ಎಂಬತ್ತು ವರ್ಷ ಹಿಡಿಯಿತು. ಒತ್ತಡಕ್ಕೆ ಸಿಕ್ಕಿ ದ್ರವ ಸೋಸಿ ಬರುತ್ತದೆಂದು ಜರ್ಮನಿಯ ಕಾರ್ಲ್ ಲುಡ್ವಿಗ್ ಹೇಳಿದರೆ, ಜೀವಕೋಶಗಳೇ ಮೂತ್ರವನ್ನು ಸ್ರವಿಸುತ್ತವೆಂದು ಇನ್ನೊಂದು ಬಣ ಪಟ್ಟು ಹಿಡಿದಿತ್ತು. ಜಗಳ ಹರಿದದ್ದು ಕಪ್ಪೆಯಿಂದ. 1924ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ವರ್ನ್ ಮತ್ತು ಆಲ್ಫ್ರೆಡ್ ನ್ಯೂಟನ್ ರಿಚರ್ಡ್ಸ್ ಕಪ್ಪೆಯ ಕಿಡ್ನಿಯಲ್ಲಿ ಒಂದೇ ಒಂದು ಬಟ್ಟಲಿಗೆ ಅತಿ ಸೂಕ್ಷ್ಮ ಗಾಜಿನ ನಳಿಗೆ ಚುಚ್ಚಿ ಅಲ್ಲಿನ ದ್ರವವನ್ನು ಹೀರಿ ತೆಗೆದ ಪ್ರಯೋಗವನ್ನು ಪ್ರಕಟಿಸಿದರು. ಆ ಹನಿಯಲ್ಲಿ ಸಕ್ಕರೆ ಇತ್ತು. ಅದೇ ಕಪ್ಪೆಯ ಮೂತ್ರಕೋಶದ ಮೂತ್ರದಲ್ಲಿ ಇರಲಿಲ್ಲ. ಅಂದರೆ ಸಕ್ಕರೆ ಸೋಸಿ ಬಂದಿದೆ, ದಾರಿಯಲ್ಲಿ ಯಾರೋ ಎತ್ತಿಕೊಂಡಿದ್ದಾರೆ. ಒಂದು ಹನಿಯಿಂದ ಇಷ್ಟು ಸ್ವಚ್ಛವಾಗಿ ತೀರ್ಪು ಕೊಟ್ಟ ಪ್ರಯೋಗಗಳು ಹೆಚ್ಚಿಲ್ಲ.

ಹೀಗೆ ಚೆಲ್ಲುವುದೇಕೆ, ಮತ್ತೆ ಎತ್ತುವುದೇಕೆ? ದಿನಕ್ಕೆ ಸೋಸಿ ಬರುವ ಅಡುಗೆಉಪ್ಪೇ ಸುಮಾರು ಒಂದೂವರೆ ಕಿಲೋ. ಅದನ್ನು ವಾಪಸ್ ತರಲು ಕಿಡ್ನಿ ವಿಪರೀತ ಆಮ್ಲಜನಕ ಸುಡಬೇಕು. ಮೇಲ್ನೋಟಕ್ಕೆ ಶುದ್ಧ ದುಂದು. ಆದರೆ ಕೆಟ್ಟದ್ದನ್ನು ಮಾತ್ರ ಹಿಡಿದು ಹೊರಹಾಕಬೇಕಾದರೆ ಕೆಟ್ಟದ್ದೆಲ್ಲದರ ಗುರುತು ಗೊತ್ತಿರಬೇಕು. ಯಾವ ಪ್ರಾಣಿಯ ದೇಹಕ್ಕೂ ಅದು ಸಾಧ್ಯವಿಲ್ಲ. ಕಿಡ್ನಿಗೆ ಬೇಕಾದ್ದರ ಪಟ್ಟಿ ಇದ್ದರೆ ಸಾಕು. ಪಟ್ಟಿಯಲ್ಲಿ ಇಲ್ಲದ ಸಣ್ಣ ಅಣು, ನಿನ್ನೆ ಯಾವುದೋ ಪ್ರಯೋಗಾಲಯದಲ್ಲಿ ಹುಟ್ಟಿದ್ದೇ ಇರಲಿ, ನೀರಿನಲ್ಲಿ ಕರಗುವುದಾದರೆ ಬಹುಪಾಲು ಹೊರಟುಹೋಗುತ್ತದೆ. ಮೇಲಾಗಿ ರಕ್ತದಲ್ಲಿರುವ ಪ್ಲಾಸ್ಮಾ ಮೂರೇ ಲೀಟರ್. ದಿನಕ್ಕೆ ಅರವತ್ತು ಬಾರಿ ಅದರ ತಪಾಸಣೆ ನಡೆದಂತಾಯಿತು.

ಕೆಲವನ್ನು ಮಾತ್ರ ಕೊಳವೆಯ ಜೀವಕೋಶಗಳು ಹುಡುಕಿ ಹೊರತಳ್ಳುವುದೂ ಉಂಟು. ಪೆನಿಸಿಲಿನ್ ಅಂಥದ್ದು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆ ಔಷಧಿಯನ್ನು ಮೊದಲು ರೋಗಿಯ ಮೇಲೆ ಪರೀಕ್ಷಿಸಿದಾಗ ದಾಸ್ತಾನು ಎಷ್ಟು ಕಡಿಮೆಯಿತ್ತೆಂದರೆ, ರೋಗಿಯ ಮೂತ್ರವನ್ನು ಕೂಡಿಟ್ಟು ಅದರಿಂದ ಪೆನಿಸಿಲಿನ್ ತೆಗೆದು ಮತ್ತೆ ಕೊಟ್ಟರು.

ಮತ್ತೆ ಸಕ್ಕರೆಗೆ ಬರೋಣ. ದಿನಕ್ಕೆ ಸೋಸಿ ಬರುವ ಸುಮಾರು 180 ಗ್ರಾಂ ಗ್ಲೂಕೋಸನ್ನು ಕೊಳವೆಯ ಮೊದಲ ಭಾಗವೇ ಚೂರೂ ಬಿಡದೆ ಎತ್ತಿಕೊಳ್ಳುತ್ತದೆ. ಎತ್ತುವ ಪ್ರೋಟೀನುಗಳಿಗೂ ಒಂದು ಮಿತಿ ಇದೆ. ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಕೈ ಸೋತು ಮೂತ್ರಕ್ಕೆ ಸೋರತೊಡಗುತ್ತದೆ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಬೇರ್ಪಡಿಸಿದ ಫ್ಲೊರೈಜಿನ್ ಎಂಬ ಪದಾರ್ಥ ಈ ಪ್ರೋಟೀನುಗಳನ್ನೇ ತಡೆಯುತ್ತದೆಂದು ಬಹಳ ಕಾಲದ ಮೇಲೆ ತಿಳಿಯಿತು. ಅದೇ ಎಳೆ ಹಿಡಿದು ಬಂದವು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು. ಸಕ್ಕರೆ ಕಾಯಿಲೆಯವರ ಚೀಟಿಯಲ್ಲಿ ಈಗ ಇವು ಸಾಮಾನ್ಯ. ಕಿಡ್ನಿ ಆರಿಸಬೇಕಾದ್ದನ್ನು ಬೇಕೆಂದೇ ಆರಿಸದಂತೆ ಮಾಡುವ ಔಷಧಿ, ಕಿಡ್ನಿ ಸವೆಯುವುದನ್ನೂ ನಿಧಾನಗೊಳಿಸುತ್ತದೆಂದು ತಿಳಿದದ್ದು ವೈದ್ಯರಿಗೂ ಅಚ್ಚರಿಯೇ.

ನೀರಿನ ವ್ಯವಹಾರ ಇನ್ನೂ ಚತುರ. ನೀರನ್ನು ನೇರವಾಗಿ ಎತ್ತುವ ಪಂಪು ದೇಹದಲ್ಲಿಲ್ಲ. ಉಪ್ಪನ್ನು ಸರಿಸಿದರೆ ನೀರು ಹಿಂಬಾಲಿಸುತ್ತದೆ, ಅಷ್ಟೇ. ಹಾಗಾಗಿ ಕೊಳವೆ ಕಿಡ್ನಿಯ ಒಳಭಾಗಕ್ಕೆ ಇಳಿದು ಮತ್ತೆ ಏರುವ ಕುಣಿಕೆಯಾಗಿದೆ; ಇದರ ಹೆಸರು ಹೆನ್ಲೆ ಕುಣಿಕೆ. ಏರುವ ಕಡೆ ಉಪ್ಪನ್ನು ಹೊರತಳ್ಳುತ್ತದೆ, ನೀರನ್ನು ಬಿಡುವುದಿಲ್ಲ. ಇಳಿಯುವ ಕಡೆ ನೀರು ಬಿಡುತ್ತದೆ. ಎರಡೂ ಎದುರುಬದುರು ಹರಿಯುವುದರಿಂದ ಉಪ್ಪು ಆಳದಲ್ಲಿ ಪೇರುತ್ತಾ ಹೋಗಿ, ಯೂರಿಯಾದ ಜೊತೆಗೂಡಿ, ಕಿಡ್ನಿಯ ಒಡಲು ರಕ್ತಕ್ಕಿಂತ ನಾಲ್ಕು ಪಟ್ಟು ಸಾಂದ್ರವಾಗುತ್ತದೆ. ಕೊನೆಯ ಕೊಳವೆ ಈ ಸಾಂದ್ರ ಒಡಲನ್ನು ಹಾದೇ ಹೊರಗೆ ಹೋಗಬೇಕು. ಬಾಯಾರಿದಾಗ ಮಿದುಳಿನಿಂದ ವ್ಯಾಸೊಪ್ರೆಸಿನ್ ಹಾರ್ಮೋನು ಬಂದು ಆ ಕೊಳವೆಯ ಗೋಡೆಯಲ್ಲಿ ನೀರಿನ ಕಿಂಡಿಗಳನ್ನು ಕೂರಿಸುತ್ತದೆ. ನೀರು ಕೊಳವೆಯಿಂದ ಕಿಡ್ನಿಯ ಒಡಲಿಗೆ ನುಗ್ಗಿ ಮೂತ್ರ ಗಟ್ಟಿ ಹಳದಿಯಾಗುತ್ತದೆ. ಇಂಥ ಕಿಂಡಿಯ ಪ್ರೋಟೀನನ್ನು ಕಂಡುಹಿಡಿದ ಪೀಟರ್ ಅಗ್ರೆಗೆ 2003ರ ರಸಾಯನಶಾಸ್ತ್ರದ ನೊಬೆಲ್ ಬಂತು. ಮದ್ಯ ಈ ಹಾರ್ಮೋನನ್ನು ಅಡಗಿಸುತ್ತದೆ. ಕುಡಿದವರು ಪದೇ ಪದೇ ಎದ್ದು ಹೋಗುವುದು ಅದಕ್ಕೇ.

ಇಲ್ಲಿಂದ ಮುಂದಿನದು ಸಾಗಾಟ. ಎರಡು ಮೂತ್ರನಾಳಗಳು ಅಲೆಅಲೆಯಾಗಿ ಹಿಂಡಿ ಮೂತ್ರವನ್ನು ಇಳಿಸುತ್ತವೆ. ಮಲಗಿದ್ದರೂ ಸಾಗುವುದು ಅದರಿಂದ, ಕಲ್ಲು ಸಿಕ್ಕಿಕೊಂಡರೆ ಜೀವ ಹೋಗುವಂಥ ನೋವು ಬರುವುದೂ ಅದರಿಂದ. ನಾಳಗಳು ಮೂತ್ರಕೋಶದ ಗೋಡೆಯನ್ನು ಓರೆಯಾಗಿ ಹೊಗುವುದರಿಂದ ಚೀಲ ತುಂಬಿದಷ್ಟೂ ಬಾಯಿ ಒತ್ತಿಕೊಂಡು ಮುಚ್ಚುತ್ತದೆ, ಹಿಂದಕ್ಕೆ ಹರಿಯದು. ಚೀಲದಲ್ಲಿ ಹಿಡಿಸುವುದು 400ರಿಂದ 500 ಮಿಲಿಲೀಟರ್.

ಕಿಡ್ನಿ ಹೇಗಿದೆಯೆಂದು ತಿಳಿಯಲು ಲ್ಯಾಬ್ ವರದಿಯಲ್ಲಿ ನೋಡುವ ಕ್ರಿಯಾಟಿನಿನ್ ಸ್ನಾಯುಗಳ ತ್ಯಾಜ್ಯ. ಅದು ಕಿಡ್ನಿಯ ಬೇಕಾದ್ದರ ಪಟ್ಟಿಯಲ್ಲಿಲ್ಲ; ಸೋಸಿ ಬಂದದ್ದು ವಾಪಸ್ ಹೋಗುವುದಿಲ್ಲ. ಹಾಗಾಗಿ ರಕ್ತದಲ್ಲಿ ಅದು ಏರಿದರೆ ಸೋಸುವ ಕೆಲಸ ಕುಂಟಿದೆ ಎಂದರ್ಥ. ತೊಡಕೆಂದರೆ, ಸೋಸುವ ಶಕ್ತಿ ಅರ್ಧದಷ್ಟು ಕುಸಿಯುವವರೆಗೂ ಆ ಅಂಕಿ ಎಷ್ಟೋ ಜನರಲ್ಲಿ ಸಹಜ ಮಿತಿಯೊಳಗೇ ಇರಬಹುದು. ಒಂದು ಕಿಡ್ನಿ ದಾನ ಮಾಡಿದವರಲ್ಲಿ ಉಳಿದ ಕಿಡ್ನಿ ಹಿಗ್ಗಿ, ಮೊದಲಿನ ಸೋಸುವಿಕೆಯ ಮೂರನೇ ಎರಡು ಪಾಲನ್ನು ಒಂದೇ ನಿಭಾಯಿಸುತ್ತದೆ. ಇರುವ ನೆಫ್ರಾನುಗಳೇ ದೊಡ್ಡವಾಗುತ್ತವೆ, ಅಷ್ಟೇ. ಹೊಸ ನೆಫ್ರಾನುಗಳು ರೂಪುಗೊಳ್ಳುವುದು ತಾಯಿಯ ಗರ್ಭದ ಒಂಬತ್ತನೇ ತಿಂಗಳ ಹೊತ್ತಿಗೇ ನಿಂತುಹೋಗಿರುತ್ತದೆ.