ತಾಮ್ರದ ಬಳೆಯ ಲೆಕ್ಕ

ಸುತ್ತೂರಿನಲ್ಲಿ ಕಪಿಲೆಯ ದಂಡೆಯ ಮೇಲೆ ನಿಂತು ಪುಟ್ಟ ರೇಡಿಯೋವೊಂದರ ಕಡ್ಡಿಯನ್ನು ಮೇಲಕ್ಕೆಳೆದರೆ ಮೈಸೂರು ಆಕಾಶವಾಣಿಯ ದನಿ ಕಿವಿಗೆ ಬೀಳುತ್ತದೆ. ಕೇಳುವವರು ಹಾಡನ್ನು ಮೆಚ್ಚುತ್ತಾರೆ, ಹಾಡಿದವರನ್ನು ಮೆಚ್ಚುತ್ತಾರೆ. ಆ ಲೋಹದ ಕಡ್ಡಿಯನ್ನು ಮೆಚ್ಚಿದವರನ್ನು ನಾವು ಕಂಡಿಲ್ಲ. ಅದನ್ನೇ ಬಾಳಿನ ವಿದ್ಯೆಯಾಗಿ ಮಾಡಿಕೊಂಡ ಮಹಿಳೆಯೊಬ್ಬರಿದ್ದರು. ಅವರ ತಂದೆ ಇದೇ ನಂಜನಗೂಡಿನಲ್ಲಿ ವಕೀಲರಾಗಿದ್ದವರು ಎಂದರೆ ಓದುಗರಿಗೆ ಸಂತೋಷವಾಗದಿರದು.

1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರ ಅಜ್ಜಿ ಕಮಲಮ್ಮ ದಾಸಪ್ಪನವರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯ; 1953ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ ಮತ್ತೆ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ ಕುಮಾರ ಚಟರ್ಜಿಯವರೊಡನೆ ಸೂಕ್ಷ್ಮತರಂಗಗಳ ಸಂಶೋಧನೆಯನ್ನು ಅಲ್ಲಿ ನೆಲೆಗೊಳಿಸಿದರು. ಆಂಟೆನಾಗಳ ಮೇಲೆ ಗ್ರಂಥಗಳನ್ನೂ ಬರೆದರು. ಹೆಂಗಸು ಯಂತ್ರವಿದ್ಯೆ ಕಲಿಯುವುದೆ ಎಂದು ಹುಬ್ಬೇರಿಸುತ್ತಿದ್ದ ಕಾಲವದು!

ಇಂದಿನ ತರುಣರು ಆಂಟೆನಾವನ್ನು ಮೊದಲು ಕಂಪ್ಯೂಟರಿನ ಪರದೆಯ ಮೇಲೆ ಕಟ್ಟುತ್ತಾರೆ. ತಂತ್ರಾಂಶವು ಅದನ್ನು ಅಲೆಯ ಉದ್ದದ ಹತ್ತನೆಯ ಒಂದು ಪಾಲಿಗಿಂತ ಚಿಕ್ಕದಾದ ತುಣುಕುಗಳಾಗಿ ಸೀಳಿ, ಪ್ರತಿಯೊಂದು ತುಣುಕಿನಲ್ಲಿಯೂ ವಿದ್ಯುತ್ತು ಎಷ್ಟು ಹರಿಯುವುದೆಂದು ಲೆಕ್ಕ ಹಾಕುತ್ತದೆ. ಈ ವಿಧಾನವನ್ನು ಹ್ಯಾರಿಂಗ್ಟನ್ ಎಂಬವರು 1968ರ ತಮ್ಮ ಪುಸ್ತಕದಲ್ಲಿ ವ್ಯವಸ್ಥಿತವಾಗಿ ವಿವರಿಸಿದರು. ಆದರೆ ಯಾವ ಲೋಹವೆಂದು ನಾವು ಹೇಳದೆ ಹೋದರೆ ತಂತ್ರಾಂಶವು ಬಹುಮಟ್ಟಿಗೆ ಆದರ್ಶ ಲೋಹವೊಂದನ್ನು ಊಹಿಸಿಕೊಳ್ಳುತ್ತದೆ. ಅದಕ್ಕೆ ರೋಧವೇ ಇಲ್ಲ. ಅಂಥ ಲೋಹ ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ.

ಇದರಿಂದ ಆಗುವ ಅನಾಹುತವೇನು? ಕೆಲವೊಮ್ಮೆ ಏನೂ ಇಲ್ಲ. ಮೈಸೂರು ಆಕಾಶವಾಣಿಯ ಎಫ್‌.ಎಂ. ಪ್ರಸಾರ 100.6 ಮೆಗಾಹರ್ಟ್ಸಿನದು, ಅಲೆಯ ಉದ್ದ ಸುಮಾರು 3 ಮೀಟರು. ಅದರ ಅರ್ಧದಷ್ಟು ಉದ್ದದ, 2 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಶಾಖವಾಗಿ ಕಳೆದುಹೋಗುವುದು ನೂರರಲ್ಲಿ ಅರ್ಧ ಪಾಲೂ ಅಲ್ಲ. ಅದೇ ತಂತಿಯನ್ನು 30 ಸೆಂಟಿಮೀಟರ್ ಸುತ್ತಳತೆಯ ಬಳೆಯಾಗಿ ಬಗ್ಗಿಸಿ ನೋಡಿ. ಆದರ್ಶ ಲೋಹದ ಲೆಕ್ಕ ಆಗಲೂ ನೂರಕ್ಕೆ ನೂರು ಎನ್ನುತ್ತದೆ. ನಿಜವಾದ ತಾಮ್ರದಲ್ಲಾದರೋ, ಬಳೆಗೆ ಊಡಿದ ಶಕ್ತಿಯಲ್ಲಿ ಅಲೆಯಾಗಿ ಹೊರಡುವುದು ನೂರಕ್ಕೆ ಸುಮಾರು 14 ಮಾತ್ರ! ಮಿಕ್ಕುದೆಲ್ಲ ತಂತಿಯನ್ನು ಬೆಚ್ಚಗೆ ಮಾಡಲು ವೆಚ್ಚವಾಗುತ್ತದೆ. ಚಿಕ್ಕ ಬಳೆ ಅಲೆಯನ್ನು ಹೊರಡಿಸುವುದರಲ್ಲಿ ಬಲು ದುರ್ಬಲ. ಆದುದರಿಂದ ತಾಮ್ರದ ಅತ್ಯಲ್ಪ ರೋಧವೂ ಅದರ ಮುಂದೆ ದೊಡ್ಡದಾಗಿ ನಿಲ್ಲುತ್ತದೆ. ಅಂಗೈಯಲ್ಲಿ ಹಿಡಿಸುವ ಉಪಕರಣಗಳನ್ನು ಮಾಡುವವರಿಗೆ ಇದು ಆಟದ ಮಾತಲ್ಲ.

ಹಾಗಾದರೆ ತಾಮ್ರದ ಒಳಹೊಕ್ಕು ಲೆಕ್ಕ ಹಾಕಬಾರದೆ ಎಂದು ಕೇಳುವಿರೇನೋ. ವಿದ್ಯುತ್ತು ಅಷ್ಟು ಒಳಕ್ಕೆ ಹೋಗುವುದೇ ಇಲ್ಲ. 100 ಮೆಗಾಹರ್ಟ್ಸಿನಲ್ಲಿ ಅದರ ಹರಿವೆಲ್ಲ ಬಹುಪಾಲು ಮೇಲ್ಮೈಯ 6.6 ಮೈಕ್ರಾನುಗಳಲ್ಲಿಯೇ, ನಮ್ಮ ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲು ಎನ್ನಿ. ಅಷ್ಟು ತೆಳುವಾದ ಪದರವನ್ನು ಮತ್ತೆ ತುಣುಕುಗಳಾಗಿ ಸೀಳಹೊರಟರೆ ಎಂಥ ದೊಡ್ಡ ಯಂತ್ರವೂ ಏದುಸಿರು ಬಿಡುತ್ತದೆ. ಆದುದರಿಂದ ಬಲ್ಲವರು ಲೋಹದ ಒಡಲನ್ನು ಬಿಟ್ಟು, ಅದರ ಮೇಲ್ಮೈಗೆ ತಕ್ಕ ರೋಧವನ್ನು ಹಚ್ಚುತ್ತಾರೆ. ಗೋಡೆ ಕಟ್ಟದೆ ಸುಣ್ಣವನ್ನಷ್ಟೇ ಬಳಿದಂತೆ! ಆದರೂ ಕೆಲಸ ನಡೆಯುತ್ತದೆ.

ಕಬ್ಬಿಣವಾದರೆ ಅದರ ಕಾಂತಗುಣವನ್ನೂ ಹೇಳಬೇಕು. ಇನ್ನು 10 ಗಿಗಾಹರ್ಟ್ಸಿನ ಸೂಕ್ಷ್ಮತರಂಗಗಳಲ್ಲಿ ಪದರವು 0.66 ಮೈಕ್ರಾನಿಗೆ ಇಳಿಯುತ್ತದೆ. ಆಗ ಕಣ್ಣಿಗೆ ನುಣುಪಾಗಿ ಕಾಣುವ ತಗಡೂ ಅಲೆಗಳ ಪಾಲಿಗೆ ಗುಡ್ಡಗಾಡು. ಆ ಒರಟುತನವನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಲೋಹದ ಮೇಲೆ ಬೇರೊಂದು ಪದಾರ್ಥದ ಹೊದಿಕೆಯಿದ್ದರೆ ಅಲೆಯ ನಡೆಯೇ ಬೇರೆ. ಚಟರ್ಜಿ ದಂಪತಿಗಳು ಈ ಬಗೆಯ ಆಂಟೆನಾಗಳ ಸಮೀಕರಣಗಳೊಡನೆ ಬಹುಕಾಲ ಸೆಣಸಿದವರು. ರಾಜೇಶ್ವರಿಯವರು 1982ರಲ್ಲಿ ನಿವೃತ್ತರಾದರು, 2010ರಲ್ಲಿ ತೀರಿಕೊಂಡರು.

ಬಳೆಯ ವಿಚಾರ ಅಲ್ಲಿಗೇ ನಿಂತಿತಲ್ಲ! ತಂತಿಯ ಬದಲು 1 ಸೆಂಟಿಮೀಟರ್ ದಪ್ಪದ ತಾಮ್ರದ ಕೊಳವೆಯನ್ನು ಬಗ್ಗಿಸಿದರೆ 14 ಇದ್ದದ್ದು 44ರ ಸಮೀಪಕ್ಕೆ ಏರುತ್ತದೆ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಒಮ್ಮೆ ಲೆಕ್ಕ ಹಾಕಿ ನೋಡಲಿ.