ಅಂಬಾಸಿಡರಿಗೆ ಆಲ್ಟರ್ನೇಟರ್: ವಯರನ್ನು ಮರೆತರೆ ಕಷ್ಟ

ನಮ್ಮ ಮನೆಯ ಮಾರ್ಕ್ 2 ಅಂಬಾಸಿಡರ್ ಕಾರು ಸೋದರಮಾವನಿಂದ ಬಂದದ್ದು. ಮಳೆಗಾಲದಲ್ಲಿ ನಾವು ಅದನ್ನು ಅಂಗಳದಲ್ಲಿ ನಿಲ್ಲಿಸಿದವರೇ ಅಲ್ಲ. ದಣಪೆಯ ಹೊರಗಿನ ಇಳಿಜಾರಿನಲ್ಲೇ ಅದರ ಜಾಗ. ಬೆಳಿಗ್ಗೆ ಸೆಲ್ಫ್ ಹೊಡೆಯದಿದ್ದರೆ ಬ್ರೇಕು ಬಿಟ್ಟು ಉರುಳಿಸಿ ಸ್ಟಾರ್ಟ್ ಮಾಡಬಹುದಲ್ಲ! ಬ್ಯಾಟರಿ ಹೋಗಿದೆ ಅಂತ ಎರಡು ಸಲ ಹೊಸ ಬ್ಯಾಟರಿ ತಂದೆ. ತಪ್ಪು ಬ್ಯಾಟರಿಯದ್ದಲ್ಲ, ಡೈನಮೋದ್ದು. ಡೈನಮೋದ್ದೂ ಅಲ್ಲ ಅನ್ನಿ, ಅದರ ಶಕ್ತಿಯೇ ಅಷ್ಟು.

ಈ ಕಾರುಗಳಲ್ಲಿ ಇದ್ದದ್ದು ಲೂಕಾಸ್ ಸಿ40 ಮಾದರಿಯ ಡೈನಮೋ. ಅದು ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ. ಅದೂ ಎಂಜಿನ್ ಚೆನ್ನಾಗಿ ತಿರುಗುತ್ತಿದ್ದಾಗ. ಸುಮ್ಮನೆ ನಿಂತು ಐಡ್ಲಿಂಗಿನಲ್ಲಿರುವಾಗ ಸಿಗುವುದು ಬಹುತೇಕ ಸೊನ್ನೆ. ನಾನು ಹಾಕಿಸಿದ 60 ವಾಟಿನ ಎರಡು ಹ್ಯಾಲೊಜೆನ್ ಬಲ್ಬಿಗೇ 10 ಆಂಪಿಯರ್ ಬೇಕು. ಇಗ್ನಿಷನ್ ಕಾಯಿಲಿಗೆ ಮೂರ್ನಾಲ್ಕು, ವೈಪರಿಗೆ ಸುಮಾರು ಮೂರು, ಹಿಂದಿನ ದೀಪ, ಹಾಡಿನ ಪೆಟ್ಟಿಗೆ ಅಂತ ಇನ್ನೆರಡು ಮೂರು. ಮಳೆಯ ರಾತ್ರಿ ಹೊಂಡದ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಹೋಗುವಾಗ ಆದಾಯಕ್ಕಿಂತ ಖರ್ಚೇ ಜಾಸ್ತಿ. ಬಾಕಿಯನ್ನು ಬ್ಯಾಟರಿ ಕೊಟ್ಟೂ ಕೊಟ್ಟೂ ಬೆಳಿಗ್ಗೆ ಸುಸ್ತು.

ಆಲ್ಟರ್ನೇಟರ್ ಯಾಕೆ ಮೇಲು? ಡೈನಮೋದಲ್ಲಿ ಕರೆಂಟು ಹುಟ್ಟುವುದು ತಿರುಗುವ ಭಾಗದಲ್ಲಿ. ಅಷ್ಟೂ ಕರೆಂಟು ಕಾರ್ಬನ್ ಬ್ರಶ್ಶಿನ ಮೂಲಕವೇ ಹೊರಗೆ ಬರಬೇಕು. ಆಲ್ಟರ್ನೇಟರಿನಲ್ಲಿ ಕರೆಂಟು ಹುಟ್ಟುವುದು ಕದಲದ ಸುರುಳಿಯಲ್ಲಿ, ತಿರುಗುವುದು ಅಯಸ್ಕಾಂತ ಮಾತ್ರ. ಅದರ ಬ್ರಶ್ಶಿನಲ್ಲಿ ಹರಿಯುವುದು ಕೆಲವೇ ಆಂಪಿಯರ್. ಹಾಗಾಗಿ ಚಿಕ್ಕ ಪುಲ್ಲಿ ಹಾಕಿ ಜೋರಾಗಿ ತಿರುಗಿಸಿದರೂ ತೊಂದರೆಯಿಲ್ಲ, ಐಡ್ಲಿಂಗಿನಲ್ಲೂ ಚಾರ್ಜ್ ಆಗುತ್ತದೆ.

ಇಷ್ಟೆಲ್ಲ ಕೇಳಿ ತಿಳಿದು, ಬೇರೊಂದು ಕಾರಿನಿಂದ ತೆಗೆದ 45 ಆಂಪಿಯರಿನದ್ದನ್ನು ಪೇಟೆಯ ಗ್ಯಾರೇಜೊಂದರಲ್ಲಿ ಹಾಕಿಸಿದೆ. ಬ್ರಾಕೆಟ್ ಕೆಲಸ ಚೆನ್ನಾಗಿಯೇ ಇತ್ತು. ಕಟೌಟ್ ಪೆಟ್ಟಿಗೆ ತೆಗೆದು ಡೈನಮೋದ ಹಳೆ ವಯರನ್ನೇ ಆಲ್ಟರ್ನೇಟರಿಗೆ ಸಿಕ್ಕಿಸಿದರು. ದೀಪ ಝಗಮಗ. ನನಗೂ ಖುಷಿ.

ಆ ರಾತ್ರಿ

ಒಂದು ವಾರ ಸುಖವಾಗಿತ್ತು. ಮಕ್ಕಳು ಒಳಗಿನ ದೀಪ ಆರಿಸದೆ ಬಿಟ್ಟು ಒಂದು ದಿನ ಬ್ಯಾಟರಿ ಪೂರ್ತಿ ಇಳಿದಿತ್ತು. ಅದೇ ರಾತ್ರಿ ಅಪ್ಪನಿಗೆ ಉಬ್ಬಸ ಜೋರಾಯಿತು. ಕಾರನ್ನು ಉರುಳಿಸಿ ಸ್ಟಾರ್ಟ್ ಮಾಡಿ, ದೀಪ ವೈಪರ್ ಎಲ್ಲ ಹಾಕಿಕೊಂಡು ಹೊರಟೆವು. ಎರಡು ಮೈಲಿ ದಾಟಿರಲಿಲ್ಲ, ಡ್ಯಾಶ್‌ಬೋರ್ಡಿನ ಹಿಂದಿನಿಂದ ಸುಟ್ಟ ವಾಸನೆ. ಮೊದಲು ಗೊತ್ತಾದದ್ದು ಹಿಂದೆ ಅಪ್ಪನನ್ನು ಹಿಡಿದುಕೊಂಡಿದ್ದ ಹೆಂಡತಿಗೆ. ಆಮೀಟರಿನ ಹತ್ತಿರ ಹೊಗೆ. ಎಂಜಿನ್ ನಿಲ್ಲಿಸಿ, ಟಾರ್ಚ್ ಬೆಳಕಿನಲ್ಲಿ ಸ್ಪ್ಯಾನರ್ ಹುಡುಕಿ ಬ್ಯಾಟರಿಯ ಕ್ಲ್ಯಾಂಪ್ ಕಳಚುವವರೆಗೆ ನನ್ನ ಕೈ ನನ್ನ ಹಿಡಿತದಲ್ಲಿರಲಿಲ್ಲ. ಉಬ್ಬಸದವರಿಗೆ ಹೊಗೆ ಬೇರೆ ಕುಡಿಸಿದ ಹಾಗಾಯಿತು. ಹತ್ತಿರದ ಮನೆಯವರು ಜೀಪಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. ಅಪ್ಪ ನಾಲ್ಕು ದಿನಕ್ಕೆ ಮನೆಗೆ ಬಂದರು.

ಆದದ್ದೇನು? ನಮ್ಮ ಪಂಪಿನ ಲೆಕ್ಕದಲ್ಲೇ ನೋಡಿ. ಟ್ಯಾಂಕಿ ತುಂಬಿದ್ದರೆ ಬಾಲ್‌ಕಾಕ್ ಮುಚ್ಚಿರುತ್ತದೆ, ಪಂಪು ದೊಡ್ಡದಿದ್ದರೂ ಪೈಪಿನಲ್ಲಿ ನೀರು ಹರಿಯುವುದು ಕಡಿಮೆ. ಟ್ಯಾಂಕಿ ಖಾಲಿಯಾದಾಗ ಪಂಪಿನ ಪೂರ್ತಿ ನೀರು ನುಗ್ಗುತ್ತದೆ. ಬ್ಯಾಟರಿಯೂ ಹಾಗೇ. ಆಲ್ಟರ್ನೇಟರ್ ತಾನಾಗಿ ಕರೆಂಟು ತುರುಕುವುದಿಲ್ಲ, ಕೇಳಿದಷ್ಟು ಕೊಡುತ್ತದೆ. ಬ್ಯಾಟರಿ ತುಂಬಿದ್ದ ವಾರವಿಡೀ ಹಳೆ ವಯರು ತಾಳಿಕೊಂಡಿತು. ಇಳಿದ ಬ್ಯಾಟರಿ ಸಿಕ್ಕಿದ ಕೂಡಲೇ 22 ಆಂಪಿಯರಿನ ದಾರಿಯಲ್ಲಿ 40 ಹರಿಯಿತು.

ಇನ್ನೂ ಒಂದು ಸೂಕ್ಷ್ಮ ಉಂಟು. ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವಯರು ಡ್ಯಾಶ್‌ಬೋರ್ಡಿಗೆ ಹೋಗಿ ಬರುವಾಗ ನಾಲ್ಕು ಮೀಟರ್ ಆಗುತ್ತದೆ. 40 ಆಂಪಿಯರಿಗೆ ಅದರಲ್ಲಿ ಒಂದಕ್ಕಿಂತ ಹೆಚ್ಚು ವೋಲ್ಟ್ ನಷ್ಟ, 45 ವಾಟಿನಷ್ಟು ಬಿಸಿ. ಆದರೆ ಅದು ನಾಲ್ಕು ಮೀಟರಿನಲ್ಲಿ ಹಂಚಿಹೋಗುತ್ತದೆ. ಕ್ಲಾವು ಹಿಡಿದ ಒಂದು ಜಾಯಿಂಟಿನಲ್ಲಿ ಒಂದು ಓಮಿನ ಇಪ್ಪತ್ತನೇ ಒಂದು ಪಾಲು ತಡೆ ಇದ್ದರೂ ಸಾಕು, ಅಷ್ಟೇ ಕರೆಂಟಿಗೆ 80 ವಾಟ್ ಬಿಸಿ ಒಂದೇ ಚುಕ್ಕೆಯಲ್ಲಿ! ರೇಡಿಯೋ ರಿಪೇರಿಯವರು ಸೀಸ ಕರಗಿಸುವುದು 25 ವಾಟಿನ ಕಡ್ಡಿಯಲ್ಲಿ. ನನ್ನ 30 ಆಂಪಿಯರಿನ ಆಮೀಟರಿನ ಸಡಿಲ ನಟ್ಟಿನಲ್ಲಿ ಆದದ್ದು ಇದುವೇ.

ಎರಡನೇ ಸಲ ಮಾಡಿಸಿದ್ದು

ಆಲ್ಟರ್ನೇಟರಿನ ದಪ್ಪ ತುದಿಯಿಂದ ಬ್ಯಾಟರಿಯ ಪ್ಲಸ್ಸಿಗೆ ನೇರವಾಗಿ 10 ಚದರ ಮಿಲಿಮೀಟರಿನ ಹೊಸ ಕೇಬಲ್, ಬ್ಯಾಟರಿಯ ಬುಡದಲ್ಲೇ 60 ಆಂಪಿಯರಿನ ಫ್ಯೂಸು. ಚಾರ್ಜ್ ಆಗುವ ಕರೆಂಟು ಈಗ ಡ್ಯಾಶ್‌ಬೋರ್ಡಿನತ್ತ ಸುಳಿಯುವುದೇ ಇಲ್ಲ. ಹಳೆ ವಯರಿಗೆ ದೀಪ, ವೈಪರುಗಳ ಕೆಲಸ ಮಾತ್ರ, ಅದಕ್ಕೂ ಬೇರೆ ಫ್ಯೂಸು. ಆಮೀಟರ್ ತೆಗೆದು ವೋಲ್ಟ್ ಮೀಟರ್ ಹಾಕಿಸಿದೆ. ಹೆಡ್‌ಲೈಟಿಗೆ ರಿಲೇ ಹಾಕಿದ್ದರಿಂದ ಸ್ವಿಚ್ಚಿಗೂ ಸುಖ.

ಅರ್ತನ್ನು ಹೆಚ್ಚಿನವರು ಮರೆಯುತ್ತಾರೆ. ಹೋದ ಕರೆಂಟು ವಾಪಸು ಬರಬೇಕಲ್ಲ? ಎಂಜಿನ್ನು ರಬ್ಬರಿನ ಮೇಲೆ ಕೂತಿದೆ. ಎಂಜಿನ್ನಿಗೂ ಬಾಡಿಗೂ ನಡುವಿನ ಹೆಣೆದ ಪಟ್ಟಿ ನಮ್ಮದರಲ್ಲಿ ಅರ್ಧ ತುಂಡಾಗಿತ್ತು. ಹೊಸತು ಹಾಕಿ, ಕೂರುವ ಜಾಗದ ಬಣ್ಣ ಕೆರೆದು ಬಿಗಿ ಮಾಡಿದೆವು.

ಚಾರ್ಜಿಂಗ್ ದೀಪದ ಪುಟ್ಟ ಬಲ್ಬನ್ನು ಅಲಂಕಾರ ಅಂದುಕೊಳ್ಳಬೇಡಿ. ಶುರುವಿಗೆ ಆಲ್ಟರ್ನೇಟರಿನ ಅಯಸ್ಕಾಂತಕ್ಕೆ ಜೀವ ಬರುವುದು ಅದರ ಮೂಲಕ ಹೋಗುವ ಸಣ್ಣ ಕರೆಂಟಿನಿಂದ. ಬಲ್ಬು ಸುಟ್ಟಿದ್ದರೆ ಐಡ್ಲಿಂಗಿನಲ್ಲಿ ಚಾರ್ಜೇ ಆಗದಿರಬಹುದು.

ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಈಗ ಸಿಗುವ ಆಲ್ಟರ್ನೇಟರಿಗೆ ಮೈನಸ್ಸೇ ಬಾಡಿಗೆ ಸೇರಬೇಕು. ನೋಡದೆ ಜೋಡಿಸಿದರೆ ಒಳಗಿನ ಡಯೋಡುಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತವೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಳಚಿ ಚಾರ್ಜಿಂಗ್ ಪರೀಕ್ಷೆ ಮಾಡುವ ಅಭ್ಯಾಸ ಕೆಲವು ಮೆಕ್ಯಾನಿಕರಿಗೆ ಉಂಟು. ಡೈನಮೋ ಕಾಲದ ರೂಢಿ ಅದು. ಆಲ್ಟರ್ನೇಟರಿಗೆ ಬೇಡವೇ ಬೇಡ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಮೊದಲು ಬ್ಯಾಟರಿಯ ಎರಡೂ ವಯರು, ಆಮೇಲೆ ಆಲ್ಟರ್ನೇಟರಿನ ವಯರು ಕಳಚಿ.

ಕೆಲಸ ಸರಿಯಾಗಿದೆಯೇ ಅಂತ ಮೋಟಾರು ಶೆಡ್ಡಿನ ಮಲ್ಟಿಮೀಟರಿನಲ್ಲೇ ನೋಡಬಹುದು. ಎಂಜಿನ್ ಸ್ವಲ್ಪ ಏರಿಸಿ ಎಲ್ಲ ದೀಪ ಹಾಕಿ. ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ತೋರಿಸಬೇಕು. ಆಮೇಲೆ ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ತುದಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ ಹಿಡಿಯಿರಿ. ಅಲ್ಲಿ ಕಾಲು ವೋಲ್ಟಿಗಿಂತ ಹೆಚ್ಚು ಬಂದರೆ ವಯರು ಇಲ್ಲವೇ ಜಾಯಿಂಟು ಸರಿಯಿಲ್ಲ. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ಹಿಡಿದರೆ ಅರ್ತಿನ ಬಣ್ಣ ಬಯಲಾಗುತ್ತದೆ.

ಎಷ್ಟು ಆಂಪಿಯರಿನದ್ದು ಬೇಕು ಅಂತ ಕೇಳುವವರಿಗೆ, ನಮ್ಮಂಥ ಗಾಡಿಗೆ 35ರಿಂದ 45 ಧಾರಾಳ. 45 ಆಂಪಿಯರ್ ಪೂರ್ತಿ ಕೊಡುವಾಗ ಅದು ಎಂಜಿನ್ನಿನಿಂದ ಸುಮಾರು ಒಂದೂವರೆ ಎಚ್‌ಪಿ ಎಳೆಯುತ್ತದೆ. ಅಷ್ಟನ್ನೂ ಹೊರುವುದು ಒಂದೇ ಬೆಲ್ಟು. 90 ಆಂಪಿಯರಿನದ್ದು ಸೋವಿಗೆ ಸಿಕ್ಕಿತು ಅಂತ ತಂದರೆ ಬೆಲ್ಟು ಕಿರುಚುವುದೇ ಸರಿ. ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಅಂತ ಹಗ್ಗ ಹಿಡಿದು ನೋಡಿ. ಬೆಲ್ಟಿನ ಉದ್ದದ ಬದಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ತಗ್ಗಬೇಕು. ಹೊಸ ಬೆಲ್ಟು ಹಿಗ್ಗುತ್ತದೆ, ವಾರ ಬಿಟ್ಟು ಪುನಃ ಬಿಗಿ ಮಾಡಿ.

ಕಳಚಿದ ಡೈನಮೋ ಅಟ್ಟದಲ್ಲಿದೆ, ಗುಜರಿಗೆ ಕೊಡಲು ಅಪ್ಪ ಬಿಡುತ್ತಿಲ್ಲ. ಕಾರು ಈಗ ಅಂಗಳದಲ್ಲೇ ನಿಲ್ಲುತ್ತದೆ.