ಅಲ್ಲಿ ಈಗ ಎಷ್ಟು ಗಂಟೆ?

ಯುವಮಿತ್ರರೇ, ನಿಮ್ಮ ಮನೆಯಲ್ಲಿಯೂ ಫೋನ್ ಎತ್ತುವ ಮೊದಲು ಯಾರಾದರೊಬ್ಬರು “ಅಲ್ಲಿ ಈಗ ಎಷ್ಟು ಗಂಟೆ?” ಎಂದು ಕೇಳಿಯೇ ಕೇಳುತ್ತಾರೆ, ಅಲ್ಲವೇ? ಅಣ್ಣ ದುಬೈಯಲ್ಲಿ, ಚಿಕ್ಕಮ್ಮನ ಮಗಳು ಲಂಡನ್ನಿನಲ್ಲಿ, ಅಜ್ಜ-ಅಜ್ಜಿ ಊರಿನಲ್ಲಿ. ನಿಮ್ಮಲ್ಲೇ ಎಷ್ಟೋ ಮಂದಿ ಮುಂಬಯಿಯಲ್ಲಿ ಕುಳಿತು ನ್ಯೂಯಾರ್ಕಿನ ಗಡಿಯಾರಕ್ಕೆ ದುಡಿಯುವವರು. ನಮ್ಮ ಹಿರಿಯರಿಗೆ ಕುಂದಾಪುರದಿಂದ ಮುಂಬಯಿಗೆ ಬಂದದ್ದೇ ಪರದೇಶ. ಆದರೂ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಇಲ್ಲಿಯೂ ದೀಪ ಹಚ್ಚುವ ಹೊತ್ತೇ ಆಗಿರುತ್ತಿತ್ತು. ನಮ್ಮ ಮನೆಯಲ್ಲಿ ಈಗ ಹಾಗಿಲ್ಲ. ಮಗಳು ನ್ಯೂಜೆರ್ಸಿಯಲ್ಲಿ, ಮಗ ಸರಕಿನ ಹಡಗಿನಲ್ಲಿ ಎಂಜಿನಿಯರು. ಈ ಎಲ್ಲ ಹೊತ್ತುಗಳನ್ನು ಲೆಕ್ಕ ಇಡುವ ಕೆಲಸ, ಉಪ್ಪಿನಕಾಯಿ ಭರಣಿಯ ಲೆಕ್ಕದ ಹಾಗೆ, ನನ್ನ ಪಾಲಿಗೆ ಬಂದಿದೆ.

ಅದಕ್ಕೆ ನನಗಿರುವ ಸಹಾಯಕ ಮಗನ ಹಳೆಯ ಕೈಗಡಿಯಾರ. ಜಪಾನಿನ ಕ್ಯಾಸಿಯೋ ಕಂಪನಿಯ ಜಿ-ಶಾಕ್. ಕಪ್ಪು ಬಣ್ಣ, ರಬ್ಬರಿನಂಥ ಪಟ್ಟಿ, ಮುಳ್ಳಿಲ್ಲ, ಅಂಕಿ ಮಾತ್ರ. ಅವನು ಹೊಸದು ಕೊಂಡಾಗ ಇದನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ ಹೋಗಿದ್ದ. ಮೂರು ವರ್ಷದಿಂದ ನನ್ನ ಎಡಗೈಯಲ್ಲಿದೆ. ರೇಷ್ಮೆ ಸೀರೆಗೆ ಒಪ್ಪುವುದಿಲ್ಲ, ನಿಜ. ಅರಿಶಿನ ಕುಂಕುಮಕ್ಕೆ ಹೋದಲ್ಲಿ ಹೆಂಗಸರು ಬಳೆ ನೋಡುವುದನ್ನು ಬಿಟ್ಟು ಇದನ್ನೇ ನೋಡುತ್ತಾರೆ. ನೋಡಲಿ ಬಿಡಿ.

ಇದು ಹುಟ್ಟಿದ ಕಥೆ ನಿಮಗೆ ಇಷ್ಟವಾಗಬಹುದು. ಕಿಕುವೊ ಇಬೆ ಎಂಬ ಕ್ಯಾಸಿಯೋ ಎಂಜಿನಿಯರರ ಕೈಯಿಂದ ಅವರ ತಂದೆ ಕೊಟ್ಟ ಗಡಿಯಾರ ಬಿದ್ದು ಒಡೆದುಹೋಯಿತು. ಬಿದ್ದರೂ ಒಡೆಯದ ಗಡಿಯಾರ ಮಾಡಬೇಕೆಂದು 1981ರಲ್ಲಿ ಹೊರಟರು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ನಡೆಯಬೇಕು, ನೀರಿನಲ್ಲಿ ಹತ್ತು ಬಾರ್ ಒತ್ತಡ ತಡೆಯಬೇಕು, ಬ್ಯಾಟರಿ ಹತ್ತು ವರ್ಷ ಬರಬೇಕು. ಇವು ಅವರ ಮೂರು ಪಣಗಳು. ಸುಮಾರು 200 ಮಾದರಿಗಳನ್ನು ಮಾಡಿ, ಕಟ್ಟಡದ ಮೇಲಿನ ಕಿಟಕಿಯಿಂದ ಎಸೆದೆಸೆದು ನೋಡಿದರು. ಏನೇ ಮಾಡಿದರೂ ಒಳಗಿನ ಒಂದಲ್ಲ ಒಂದು ಬಿಡಿಭಾಗ ಮುರಿಯುತ್ತಿತ್ತು. ಕೊನೆಗೆ ಪಾರ್ಕಿನಲ್ಲಿ ಒಂದು ಹುಡುಗಿ ರಬ್ಬರ್ ಚೆಂಡು ಪುಟಿಸುವುದನ್ನು ಕಂಡು ದಾರಿ ಹೊಳೆಯಿತಂತೆ: ಯಂತ್ರ ಚೆಂಡಿನ ನಡುವೆ ತೇಲುತ್ತಿದ್ದರೆ ಪೆಟ್ಟು ಅದಕ್ಕೆ ತಾಗುವುದಿಲ್ಲ. 1983ರಲ್ಲಿ ಮೊದಲ ಗಡಿಯಾರ ಪೇಟೆಗೆ ಬಂತು. ಹೊಟ್ಟು ತುಂಬಿ ಗಾಜಿನ ಭರಣಿಯನ್ನು ಊರಿಗೆ ಸಾಗಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಉಪಾಯ ಹೊಸದೇನಲ್ಲ ಎಂದು ನನ್ನ ಅಭಿಪ್ರಾಯ.

ನನ್ನ ಅಡುಗೆಮನೆ ಆ ಕಿಟಕಿಗಿಂತ ಕಡಿಮೆಯದಲ್ಲ. ಕಡಪಾ ಕಟ್ಟೆಯಿಂದ ನೆಲಕ್ಕೆ ಎಷ್ಟು ಸಲ ಬಿದ್ದಿದೆಯೋ! ಪಾತ್ರೆ ತಿಕ್ಕುವಾಗ, ಮಳೆಗಾಲದ ಲೋಕಲ್ ರೈಲಿನಲ್ಲಿ ತೊಯ್ದು ಬರುವಾಗ, ಕಳಚುವುದೇ ಇಲ್ಲ. ಇಡ್ಲಿ ಬೇಯುವ ಹಬೆಗೆ ಮಾತ್ರ ಒಡ್ಡುವುದಿಲ್ಲ. ನೀರು ತಡೆಯುವ ಗಡಿಯಾರವೂ ಬಿಸಿ ಹಬೆಯನ್ನು ತಡೆಯಬೇಕೆಂದಿಲ್ಲ. “ಮೊಬೈಲಿನಲ್ಲೇ ಎಲ್ಲ ಊರಿನ ಸಮಯ ಇದೆಯಲ್ಲ ಆಂಟಿ?” ಎಂದು ನೀವು ಕೇಳುತ್ತೀರಿ. ಇದೆ. ಆದರೆ ಕೈಯೆಲ್ಲ ಹಿಟ್ಟಾದಾಗ ಮೊಬೈಲು ಮುಟ್ಟಲಾಗುವುದಿಲ್ಲ. ಮುಟ್ಟಿದರೋ, ಗಂಟೆ ನೋಡಲು ಹೋದವಳು ಯಾರದೋ ಮದುವೆಯ ಫೋಟೋ ನೋಡುತ್ತ ನಿಂತಿರುತ್ತೇನೆ.

ಈ ಗಡಿಯಾರದಲ್ಲಿ 48 ಊರುಗಳ, 31 ಬಗೆಯ ಸಮಯಗಳಿವೆ. ಭಾರತಕ್ಕೆಲ್ಲ ಸೇರಿ ಡಿ, ಇ, ಎಲ್ ಎಂಬ ಮೂರೇ ಅಕ್ಷರ, ಅಂದರೆ ದೆಹಲಿ. ಮುಂಬಯಿ ಇಲ್ಲ, ಬೆಂಗಳೂರೂ ಇಲ್ಲ. ಆದರೂ ನಮ್ಮ ಐದೂವರೆ ಗಂಟೆಯ ಅರ್ಧವನ್ನು ಅದು ಸರಿಯಾಗಿ ತೋರಿಸುತ್ತದೆ. ಇದು ಸಣ್ಣ ಮಾತಲ್ಲ. 1950ರ ದಶಕದಲ್ಲಿ ಪ್ಯಾನ್ ಆಮ್ ವಿಮಾನ ಚಾಲಕರಿಗಾಗಿ ರೋಲೆಕ್ಸ್ ಕಂಪನಿ ಎರಡು ಊರಿನ ಸಮಯ ತೋರಿಸುವ ಜಿಎಂಟಿ-ಮಾಸ್ಟರ್ ಗಡಿಯಾರ ಮಾಡಿತು. ಬಹಳ ಹೆಸರಾಯಿತು. ಅದರ ಹೆಚ್ಚಿನ ಮುಳ್ಳು ತೋರಿಸುವುದು ಇಡೀ ಗಂಟೆಗಳನ್ನು. ಒಂದು ಕಡೆ ಲಂಡನ್, ಇನ್ನೊಂದು ಕಡೆ ಭಾರತ ಎಂದರೆ ಆ ಅರ್ಧ ಗಂಟೆಯನ್ನು ನಾವೇ ತಲೆಯಲ್ಲಿ ಕೂಡಿಸಿಕೊಳ್ಳಬೇಕು. ನೇಪಾಳದವರಂತೂ ನಮಗಿಂತ ಕಾಲು ಗಂಟೆ ಮುಂದೆ. ಅವರು ಏನು ಮಾಡಬೇಕು ಹೇಳಿ!

ಹಾಗೆ ನೋಡಿದರೆ ಮುಳ್ಳಿನ ಗಡಿಯಾರವಿದ್ದವರಿಗೆ ಒಂದು ಪುಕ್ಕಟೆ ಉಪಾಯ ಉಂಟು. ನಮ್ಮ ಸಮಯ ತೋರಿಸುವ ಗಡಿಯಾರವನ್ನು ತಲೆಕೆಳಗು ಮಾಡಿ ಹಿಡಿಯಿರಿ, ಗ್ರೀನಿಚ್ ಸಮಯ ಕಾಣುತ್ತದೆ. ಇಲ್ಲಿ ಮಧ್ಯಾಹ್ನ 12 ಆಗಿದ್ದರೆ ತಿರುಗಿಸಿದಾಗ ಎರಡೂ ಮುಳ್ಳು 6ರ ಕಡೆಗೆ. ಅಂದರೆ ಅಲ್ಲಿ ಬೆಳಿಗ್ಗೆ ಆರೂವರೆ. ಗಂಟೆಯ ಮುಳ್ಳು ತುಸು ಹಿಂದೆ ಬಿದ್ದಂತೆ ಕಂಡರೂ ಓದಲು ತೊಂದರೆಯಿಲ್ಲ. ಬೆಂಗಳೂರಿನಲ್ಲಿ ತಯಾರಾದ ಎಚ್‌ಎಂಟಿ ಇನ್ನೂ ನಿಮ್ಮ ತಂದೆಯ ಕಪಾಟಿನಲ್ಲಿದ್ದರೆ ಕೀ ಕೊಟ್ಟು ಮಾಡಿ ನೋಡಿ.

ಮುಂಬಯಿ ಮಕ್ಕಳಾದ ನಿಮಗೆ ಇನ್ನೊಂದು ವಿಷಯ ಹೇಳಲೇಬೇಕು. ಒಂದು ಕಾಲಕ್ಕೆ ಈ ಊರಿಗೇ ಎರಡು ಸಮಯಗಳಿದ್ದವು. 1906ರಲ್ಲಿ ಇಡೀ ದೇಶಕ್ಕೆ ಒಂದು ಸಮಯ ಎಂದು ಸರಕಾರ ಗೊತ್ತುಮಾಡಿದಾಗ ಮುಂಬಯಿಯವರು ಒಪ್ಪಲಿಲ್ಲ. ನಮ್ಮ ಸೂರ್ಯ ನೆತ್ತಿಗೆ ಬಂದಾಗ ನಮಗೆ ಮಧ್ಯಾಹ್ನ ಎಂದರು. ಹಾಗಾಗಿ ಬಾಂಬೆ ಟೈಮ್ ಎಂಬುದು ದೇಶದ ಸಮಯಕ್ಕಿಂತ 39 ನಿಮಿಷ ಹಿಂದೆ, 1955ರ ತನಕ ಉಳಿದುಕೊಂಡಿತು. ಆ ದಿನಗಳಲ್ಲಿ ಊರಿನಿಂದ ಬಂದು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮವರೆಲ್ಲ ಎರಡು ಸಮಯಗಳ ಊರಿನಲ್ಲಿ ಬಾಳಿದವರು. ಜೂಲ್ಸ್ ವರ್ನ್ ಬರೆದ ಎಂಬತ್ತು ದಿನಗಳ ಭೂಪ್ರದಕ್ಷಿಣೆಯ ಕಾದಂಬರಿಯಲ್ಲಿ ಪಾಸ್‌ಪಾರ್ಟೂ ಎಂಬ ಸೇವಕ ಇದೇ ಮುಂಬಯಿಗೆ ಬಂದಿಳಿಯುತ್ತಾನೆ, ಲಂಡನ್ ಸಮಯಕ್ಕೆ ಇಟ್ಟ ಗಡಿಯಾರವನ್ನು ತಿದ್ದುವುದೇ ಇಲ್ಲ ಎಂದು ಹಠ ಹಿಡಿಯುತ್ತಾನೆ. ಕಾಲೇಜಿನಲ್ಲಿ ಓದಿ ನಕ್ಕಿದ್ದೆ. ಈಗ ನಗುವುದಿಲ್ಲ. ತನ್ನವರ ಹೊತ್ತನ್ನು ಜೇಬಿನಲ್ಲಿ ಇಟ್ಟುಕೊಂಡವನು ಅವನು.

ಅಮೆರಿಕದ ಬೇಸಿಗೆ ಸಮಯವೊಂದು ರಗಳೆ. 2007ರಿಂದ ಅಲ್ಲಿ ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಚಳಿಗಾಲದಲ್ಲಿ ಮಗಳು ನನಗಿಂತ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ. ಲಂಡನ್ನಿನವರು ಬದಲಿಸುವುದು ಮಾರ್ಚಿನ ಕೊನೆಯ ಭಾನುವಾರ. ನನ್ನ ಗಡಿಯಾರಕ್ಕೆ ಇದು ತಾನಾಗಿ ಗೊತ್ತಾಗುವುದಿಲ್ಲ. ನಾನೇ ಗುಂಡಿ ಒತ್ತಿ ಹೇಳಬೇಕು.

ಮಗನ ಲೆಕ್ಕ ಇನ್ನೂ ಬೇರೆ. ಹಡಗು ಪೂರ್ವಕ್ಕೋ ಪಶ್ಚಿಮಕ್ಕೋ ಸಾಗಿದಂತೆ ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಸರಿಸುತ್ತಾರೆ. “ಅಮ್ಮ, ನಾಳೆಯಿಂದ ಹತ್ತು” ಎಂದು ಅವನು ಸಂದೇಶ ಕಳಿಸಿದರೆ ಗ್ರೀನಿಚ್‌ಗಿಂತ ಹತ್ತು ಗಂಟೆ ಮುಂದೆ ಎಂದರ್ಥ. ನಡುಗಡಲಿಗೆ ಊರಿನ ಹೆಸರಿಲ್ಲವಲ್ಲ, ಅದಕ್ಕೆ ಹೊಂದುವ ಊರನ್ನು ನಾನು ಆರಿಸುತ್ತೇನೆ. ಹತ್ತಕ್ಕೆ ಗುವಾಮ್, ಹನ್ನೊಂದಕ್ಕೆ ನುಮೆಯಾ, ಹನ್ನೆರಡಕ್ಕೆ ವೆಲ್ಲಿಂಗ್ಟನ್. ನಕ್ಷೆಯಲ್ಲಿ ಮಾತ್ರ ಕಂಡ ಈ ಊರುಗಳು ನನಗೀಗ ಕೋಟೇಶ್ವರ, ಬಸ್ರೂರಿನಷ್ಟು ಬಳಕೆ.

ಹೋದ ವರ್ಷ ಅತ್ತೆ ಊರಿನ ಆಸ್ಪತ್ರೆಯಲ್ಲಿದ್ದಾಗ ಹಡಗು ಗುವಾಮ್ ಸಮಯದಲ್ಲಿತ್ತು. ಅತ್ತೆಗೆ ಮೊಮ್ಮಗನ ದನಿ ಕೇಳಬೇಕಿತ್ತು. ಬೆಳಗಿನ ನಾಲ್ಕರಿಂದ ಎಂಟು, ಸಂಜೆ ನಾಲ್ಕರಿಂದ ಎಂಟು ಅವನ ಪಾಳಿ. ಮೂರೂಕಾಲಿಗೆ ಎದ್ದು ಮೊದಲು ಹಡಗಿನ ವೈಫೈಯಲ್ಲಿ ಸಂದೇಶ ನೋಡುತ್ತಾನೆ. ರಾತ್ರಿ ಹತ್ತಕ್ಕೆ ದಾದಿ ನಿದ್ದೆಯ ಮಾತ್ರೆ ಹಿಡಿದುಕೊಂಡು ಬಂದಳು. ನಾನು ಮಣಿಕಟ್ಟು ನೋಡಿದೆ. ಅಲ್ಲಿ ಎರಡೂವರೆ. “ಇನ್ನು ಮುಕ್ಕಾಲು ಗಂಟೆ ತಡೆಯಮ್ಮ” ಎಂದೆ. ಡಾಕ್ಟರನ್ನು ಕೇಳಿ ಬಂದು ಆಗಲಿ ಎಂದಳು. ಅತ್ತೆಯ ಕಣ್ಣು ಮುಚ್ಚಿ ಬರುತ್ತಿತ್ತು. ಬಸ್ರೂರಿನ ರಥೋತ್ಸವ, ಮುಳುಗಡೆಯಾದ ಗದ್ದೆ, ಅವರ ಅಣ್ಣನ ಮದುವೆ, ಏನೇನೋ ಕೆದಕಿ ಮಾತಾಡಿಸುತ್ತ ಕುಳಿತೆ. ಹತ್ತು ಗಂಟೆ ನಲವತ್ತೇಳು ನಿಮಿಷಕ್ಕೆ ಫೋನ್ ಬಂತು.

“ಉಂಡ್ಯಾ ಮಗಾ?” ಎಂದರು ಅತ್ತೆ.

ಅವನ ಕಡೆ ನಸುಕಿನ ಮೂರೂಕಾಲು ದಾಟಿತ್ತು. “ಉಂಡೆ ಅಜ್ಜಿ” ಎಂದ.

ಎರಡು ದಿನದ ಮೇಲೆ ಅವರು ತೀರಿಕೊಂಡರು.

ಈ ವರ್ಷ ಅವರ ತಿಥಿ ಬಂದಾಗ ಮಗಳು ಕೇಳಿದಳು, “ಅಮ್ಮ, ಅಜ್ಜಿ ಹೆಸರಿನಲ್ಲಿ ನಾನು ಇಲ್ಲಿ ನಾಲ್ಕು ಜನಕ್ಕೆ ಊಟ ಹಾಕಬೇಕು. ಯಾವ ದಿನ?” ಈ ಪ್ರಶ್ನೆ ಒಂದು ದಿನ ನಿಮಗೂ ಬರುತ್ತದೆ, ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಿ. ತಿಥಿಯೆಂದರೆ ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ಸರಿಯಲು ತೆಗೆದುಕೊಳ್ಳುವ ಹೊತ್ತು. ಅದು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಆ ಕ್ಷಣಕ್ಕೆ ಒಂದು ಊರಿನಲ್ಲಿ ಬೆಳಗು, ಇನ್ನೊಂದರಲ್ಲಿ ರಾತ್ರಿ. ಸುಲಭಕ್ಕೆ ಏಕಾದಶಿಯನ್ನೇ ತೆಗೆದುಕೊಳ್ಳೋಣ, ದಶಮೀ ವೇಧೆ ಮುಂತಾದ ಸೂಕ್ಷ್ಮ ಬಿಟ್ಟು. ಊರಿನ ಪಂಚಾಂಗದಲ್ಲಿ ಅದು ಮಂಗಳವಾರ ಬೆಳಿಗ್ಗೆ 6 ಗಂಟೆ 45 ನಿಮಿಷಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಸೂರ್ಯ ಹುಟ್ಟುವಾಗ ಇನ್ನೂ ಏಕಾದಶಿಯೇ ಇರುವುದರಿಂದ ನಮಗೆ ಉಪವಾಸ ಮಂಗಳವಾರ. ಅದೇ ಕ್ಷಣ ನ್ಯೂಜೆರ್ಸಿಯಲ್ಲಿ, ಬೇಸಿಗೆಯಾದರೆ, ಸೋಮವಾರ ರಾತ್ರಿ 9 ಗಂಟೆ 15 ನಿಮಿಷ. ಅವರಿಗೆ ಮಂಗಳವಾರ ಸೂರ್ಯ ಹುಟ್ಟುವಾಗ ದ್ವಾದಶಿ ಬಂದಾಗಿದೆ, ಉಪವಾಸ ಸೋಮವಾರವೇ. ಊರಿನ ಕ್ಯಾಲೆಂಡರಿನ ಫೋಟೋ ತೆಗೆದು ಕಳಿಸಿದರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ. ಶ್ರಾದ್ಧಕ್ಕೆ ಸೂರ್ಯೋದಯವಲ್ಲ, ಅಪರಾಹ್ನಕ್ಕೆ ಇರುವ ತಿಥಿ ಮುಖ್ಯ. ಲೆಕ್ಕದ ದಾರಿ ಮಾತ್ರ ಹೀಗೆಯೇ.

ಪಂಚಾಂಗ ಒಂದು ಕೈಯಲ್ಲಿ, ಗಡಿಯಾರ ಇನ್ನೊಂದು ಕೈಯಲ್ಲಿ ಹಿಡಿದು ಕುಳಿತೆವು. ನ್ಯೂಜೆರ್ಸಿಗೆ ನಮಗಿಂತ ಒಂದು ತಾರೀಖು ಮೊದಲೇ ಬಂತು. ಮಗಳು ಆ ದಿನವೇ ಹಾಲುಪಾಯಸ ಮಾಡಿ ಬಡಿಸಿದಳು. ಮಗನ ಹಡಗು ಆ ವಾರ ಅಮೆರಿಕದಿಂದ ಜಪಾನಿನ ಕಡೆಗೆ ದಿನರೇಖೆ ದಾಟುತ್ತಿತ್ತು, ಹಾಗೆ ದಾಟುವಾಗ ಒಂದು ತಾರೀಖನ್ನೇ ಬಿಟ್ಟುಬಿಡುತ್ತಾರೆ. ಬಿಟ್ಟುಹೋದದ್ದು ನಮ್ಮ ತಿಥಿಯ ತಾರೀಖೇ! ಹಾಗಾದರೆ ಅವನಿಗೆ ಅಜ್ಜಿಯ ತಿಥಿ ಯಾವ ದಿನ ಎಂದು ಊರಿನ ಭಟ್ಟರನ್ನು ಕೇಳಿದೆವು. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.